ತಲೆ ಮತ್ತು ಕತ್ತಿನ ಕ್ಯಾನ್ಸರ್

ತಲೆ ಮತ್ತು ಕತ್ತಿನ ಕ್ಯಾನ್ಸರ್ ಎಂಬುದು ತುಟಿ, ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಮೂಗು, ಮೂಗಿನ ಸುತ್ತಣ ಗಾಳಿಗೂಡುಗಳು ಮತ್ತು ಲಾಲಾಗ್ರಂಥಿಗಳಲ್ಲಿ ಹುಟ್ಟತಕ್ಕ ಮಾರಕ ಗಂತಿಗಳ ಸಮುದಾಯಕ್ಕಿರುವ ಸಾಮಾನ್ಯ ನಾಮ. ಮೆದುಳು ಮತ್ತು ಕಣ್ಣುಗಳ ಗಂತಿಗಳು ಸ್ಥಾನದಿಂದ ತಲೆಗೇ ಸೇರಿದವಾದರೂ ಅವುಗಳ ಸ್ವಭಾವವೂ ಚಿಕಿತ್ಸೆಯೂ ಬೇರೆಯಾದುದರಿಂದ ಅವನ್ನು ಈ ಗುಂಪಿನಲ್ಲಿ ಎಣಿಸುವ ವಾಡಿಕೆಯಿಲ್ಲ. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರಿಗೆ ಬಹುಮಟ್ಟಿಗೆ ಇದೇ ಶಸ್ತ್ರವೈದ್ಯರು ಚಿಕಿತ್ಸೆ ಮಾಡುವರಾದರೂ ಅದನ್ನೂ ಪ್ರತ್ಯೇಕವಾಗಿಯೇ ಪರಿಗಣಿಸುವರು. ಈ ಗುಂಪಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು, ಬಾಯಿ ಗಂಟಲುಗಳ ಒಳಮೈಯನ್ನು ಹೊದೆದಿರುವ ಲೋಳೆಪೊರೆಯ ಚಪ್ಪಟೆಯಾದ ಕೋಶಗಳಿಂದ ಹುಟ್ಟುವುವು; ಇವಕ್ಕೆ ಶಲ್ಕಕೋಶ ಕಾರ್ಸಿನೋಮ ಎಂದು ಹೆಸರು. ಮುಂದೆ ಬರುವ ವಿವರಣೆ ಮುಖ್ಯವಾಗಿ ಈ ಬಗೆಗೆ ಸಂಬಂಧಿಸಿದ್ದು.

ದೇಹದ ಇತರ ಭಾಗಗಳ ಕ್ಯಾನ್ಸರಿಗೂ ಇದಕ್ಕೂ ಎರಡು ವಿಷಯಗಳಲ್ಲಿ ದೊಡ್ಡ ಅಂತರವಿದೆ. ಇದರ ಬಹುಭಾಗ, ಅದರಲ್ಲಿಯೂ ಬಾಯಿಯ ಕ್ಯಾನ್ಸರು, ಯಾವ ಯಂತ್ರದ ನೆರವೂ ಇಲ್ಲದೆ ಬರಿಗಣ್ಣಿಗೆ ಕಾಣುವಂಥದು ಮತ್ತು ಬೆರಳಿಗೆ ಸಿಗುವಂಥದು. ಎರಡನೆಯದಾಗಿ, ಅದು ಆಕ್ರಮಿಸುವ ಅವಯವಗಳು ಉಣ್ಣುವ, ಉಸಿರಾಡುವ, ಮಾತಾಡುವ ಅವಯವಗಳಾದುದರಿಂದ ಪ್ರಾಣವನ್ನು ಉಳಿಸುವುದರ ಜೊತೆಗೆ ಈ ವ್ಯಾಪಾರಗಳನ್ನೂ ಉಳಿಸುವ ಹೊಣೆ ಚಿಕಿತ್ಸಕನ ಮೇಲೆ ಬೀಳುವುದು. ಕಣ್ಣಿಗೆ ಕಾಣತಕ್ಕ ಈ ರೋಗ ನಮ್ಮ ದೇಶದಲ್ಲಿ ಬಹುಪಾಲು ಬಲಿತ ಮೇಲೆಯೇ ವೈದ್ಯನ ಬಳಿಗೆ ಬರುತ್ತಿರುವುದು ಈ ವಿಷಯದ ಅತ್ಯಂತ ಶೋಚನೀಯವಾದ ಸಂಗತಿ.

ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ, ತುಟಿ ಮತ್ತು ಬಾಯಿಯ ಕ್ಯಾನ್ಸರಿಗೆ ಹೊಸದಾಗಿ ತುತ್ತಾದವರು ಲೋಕದಲ್ಲೆಲ್ಲ ಸೇರಿ ಸುಮಾರು 3.89 ಲಕ್ಷ; ಅವರಲ್ಲಿ 1.43 ಲಕ್ಷಕ್ಕೂ ಹೆಚ್ಚು ಮಂದಿ ಭಾರತದವರು. ಭಾರತದ ಗಂಡಸರಲ್ಲಿ ಎಲ್ಲ ಕ್ಯಾನ್ಸರುಗಳಿಗಿಂತ ಬಾಯಿಯ ಕ್ಯಾನ್ಸರಿನ ಸಂಖ್ಯೆಯೇ ಅಧಿಕ. ಪಾಶ್ಚಾತ್ಯ ದೇಶಗಳಲ್ಲಿ ನಾಲಗೆ ಮತ್ತು ಗಂಟಲಿನ ಕ್ಯಾನ್ಸರು ಮುಂದಿದ್ದರೆ, ನಮ್ಮಲ್ಲಿ ಕೆನ್ನೆಯ ಒಳಮೈ, ಕೆಳದವಡೆಯ ಒಸಡು ಮತ್ತು ಅವೆರಡೂ ಕೂಡುವ ಸಂದಿ, ಎಂದರೆ ಎಲೆಯಡಿಕೆಯ ಉಂಡೆಯನ್ನೋ ಹೊಗೆಸೊಪ್ಪಿನ ಚೂರನ್ನೋ ಒತ್ತರಿಸಿ ಇಟ್ಟುಕೊಳ್ಳುವ ಜಾಗ, ರೋಗದ ಮುಖ್ಯ ನೆಲೆ.

ಕಾರಣಗಳು

ಹೊಗೆಸೊಪ್ಪಿಗೂ ಬಾಯಿಯ ಕ್ಯಾನ್ಸರಿಗೂ ಇರುವ ನಂಟನ್ನು ದಕ್ಷಿಣ ಭಾರತದ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಮದರಾಸಿನಲ್ಲಿದ್ದ ನಿಬ್ಲಾಕ್ ಎಂಬ ವೈದ್ಯ 1902ರಲ್ಲಿ ಎಲೆಯಡಿಕೆ ಜಗಿಯುವವರ ಕೆನ್ನೆಯ ಕ್ಯಾನ್ಸರನ್ನು ಕುರಿತು ಬರೆದನು. ತಿರುವಾಂಕೂರಿನ ರೋಗಿಗಳನ್ನು ಪರೀಕ್ಷಿಸಿದ ಓರ್ ಎಂಬಾತ 1933ರಲ್ಲಿ ಅದೇ ವಿಷಯವನ್ನು ವಿಸ್ತಾರವಾಗಿ ಪ್ರತಿಪಾದಿಸಿದನು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆದ ಮೇಲೆ ಅಲ್ಲಿನ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿಗಳು ಜಗಿಯುವ ಮತ್ತು ಸೇದುವ ಅಭ್ಯಾಸಗಳಿಗೂ ಬಾಯಿ ಗಂಟಲುಗಳ ಬೇರೆ ಬೇರೆ ಸ್ಥಾನಗಳ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅಂಕಿ ಅಂಶಗಳಿಂದ ಸ್ಥಾಪಿಸಿದರು.

ಈ ವಿಷಯದಲ್ಲಿ ಜನ ಮತ್ತೆ ಮತ್ತೆ ಎತ್ತುವ ಪ್ರಶ್ನೆ ಅಡಿಕೆಯದು. ಹೊಗೆಸೊಪ್ಪನ್ನು ಬಿಟ್ಟು ಬರಿಯ ಎಲೆ, ಅಡಿಕೆ, ಸುಣ್ಣಗಳನ್ನು ಮೆಲ್ಲುವವರಿಗೆ ಭಯವಿಲ್ಲವೆಂಬ ನಂಬಿಕೆ ಬಹುಕಾಲ ವಿದ್ಯಾವಂತರಲ್ಲಿಯೂ ಇತ್ತು. ಮೇಲೆ ಹೇಳಿದ ಅಂತರರಾಷ್ಟ್ರೀಯ ಸಂಸ್ಥೆಯಾದರೋ, ದೊರೆತ ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ, ಹೊಗೆಸೊಪ್ಪು ಬೆರೆಯದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಹುಟ್ಟಿಸತಕ್ಕ ಪದಾರ್ಥಗಳ ಮೊದಲನೆಯ ವರ್ಗದಲ್ಲಿ ಸೇರಿಸಿತು. ಈ ತೀರ್ಮಾನವನ್ನು ಒಳಗೊಂಡ ಸಂಪುಟ ಅಚ್ಚಾದದ್ದು 2004ರಲ್ಲಿ. ದೇಶದಲ್ಲಿ ಅತ್ಯಧಿಕವಾಗಿ ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕವಾಗಿದ್ದು, ಮಲೆನಾಡು ಕರಾವಳಿಗಳ ಸಾವಿರಾರು ಕುಟುಂಬಗಳ ಬಾಳುವೆ ಅದರ ಮೇಲೆ ನಿಂತಿರುವುದರಿಂದ, ಈ ತೀರ್ಮಾನ ಇಲ್ಲಿ ವಾದಕ್ಕೆ ಗುರಿಯಾಗಿರುವುದು ಸಹಜವೇ. ಆದರೆ ಬೆಳೆಗಾರನ ಕಷ್ಟ ಒಂದು ಪ್ರಶ್ನೆ, ಜಗಿಯುವವನ ಬಾಯಿಯಲ್ಲಿ ಆಗುವ ವಿಕಾರ ಇನ್ನೊಂದು ಪ್ರಶ್ನೆ. ಮೊದಲನೆಯದರಿಂದ ಎರಡನೆಯದನ್ನು ನಿರಾಕರಿಸಲು ಬಾರದು.

ಬೀಡಿ ಸಿಗರೇಟುಗಳ ಹೊಗೆ ಧ್ವನಿಪೆಟ್ಟಿಗೆ ಮತ್ತು ಕೆಳಗಂಟಲುಗಳ ಕ್ಯಾನ್ಸರಿಗೆ ಪ್ರಧಾನ ಕಾರಣ. ಮದ್ಯಪಾನ ತಾನೊಂದೇ ಇದ್ದರೂ ಅಪಾಯಕರವಾದುದೇ. ಹೊಗೆಸೊಪ್ಪಿನೊಡನೆ ಸೇರಿದಾಗ ಎರಡರ ಅಪಾಯ ಬರಿಯ ಕೂಡಿಕೆಯಾಗದೆ ಗುಣಾಕಾರವಾಗಿ ಏರುವುದು. ಇವಲ್ಲದೆ ಮಾನವ ಪ್ಯಾಪಿಲೋಮ ವೈರಸ್ಸಿನ 16ನೆಯ ಪ್ರಭೇದ ಗಂಟಲಿನ ನಡುಭಾಗದಲ್ಲಿ, ವಿಶೇಷವಾಗಿ ಟಾನ್ಸಿಲ್ ಮತ್ತು ನಾಲಗೆಯ ಬುಡದಲ್ಲಿ, ಕ್ಯಾನ್ಸರನ್ನು ಉಂಟುಮಾಡುವುದು. ಅಮೆರಿಕ ಮತ್ತು ಉತ್ತರ ಯೂರೋಪುಗಳಲ್ಲಿ ಆ ಭಾಗದ ಕ್ಯಾನ್ಸರಿನ ಬಹುಪಾಲು ಈ ವೈರಸ್ಸಿನದಾದರೆ ಭಾರತದಲ್ಲಿ ಅದರ ಪಾಲು ಬಹಳ ಕಡಿಮೆ. ಮೂಗಿನ ಹಿಂಬದಿಯ ಗಂಟಲಿನ ಕ್ಯಾನ್ಸರಿಗೆ ಎಪ್ಸ್ಟೀನ್-ಬಾರ್ ವೈರಸ್ಸಿನ ಸಂಬಂಧವಿದ್ದು, ಅದು ದಕ್ಷಿಣ ಚೀನದಲ್ಲಿಯೂ ನಮ್ಮ ನಾಗಾಲ್ಯಾಂಡ್ ಮೊದಲಾದ ಈಶಾನ್ಯ ಪ್ರದೇಶಗಳಲ್ಲಿಯೂ ಹೆಚ್ಚು. ಹರಿತವಾದ ಹಲ್ಲು ಉಜ್ಜಿ ಉಜ್ಜಿ ಆಗುವ ಗಾಯ ತಾನಾಗಿಯೇ ಕ್ಯಾನ್ಸರ್ ಆಗುವುದೆಂಬುದಕ್ಕೆ ದೊರೆತಿರುವ ಆಧಾರ ಹೊಗೆಸೊಪ್ಪಿನದರಷ್ಟು ದೃಢವಲ್ಲ.

ಪೂರ್ವವಿಕಾರಗಳು

ಬಾಯಿಯ ಕ್ಯಾನ್ಸರು ಅನೇಕ ವೇಳೆ ಮುನ್ಸೂಚನೆ ಕೊಟ್ಟೇ ಬರುವುದು. ಉಜ್ಜಿದರೂ ಹೋಗದ, ಬೇರೆ ಯಾವ ರೋಗವೆಂದೂ ಹೇಳಲಾಗದ ಬಿಳಿಯ ಮಚ್ಚೆಗೆ ಲ್ಯೂಕೋಪ್ಲೇಕಿಯ ಎಂದೂ, ಮಖಮಲ್ಲಿನಂತೆ ನಯವಾಗಿ ಕೆಂಪಾಗಿರುವ ಮಚ್ಚೆಗೆ ಎರಿತ್ರೋಪ್ಲೇಕಿಯ ಎಂದೂ ಹೆಸರು. ಬಿಳಿಯ ಮಚ್ಚೆ ಹೆಚ್ಚು ಜನರಲ್ಲಿ ಕಂಡರೂ ಅದರಲ್ಲಿ ಕೆಲವು ಮಾತ್ರ ಕೆಡುವುವು. ಕೆಂಪು ಮಚ್ಚೆ ಅಪರೂಪವಾದರೂ, ತುಣುಕು ತೆಗೆದು ನೋಡಿದ ಹೊತ್ತಿಗೆ ಅದರೊಳಗೆ ಕ್ಯಾನ್ಸರು ಆಗಲೇ ಮೊದಲಾಗಿರುವುದು ವಿರಳವಲ್ಲ. ಎರಡೂ ಬಣ್ಣಗಳು ಬೆರೆತ ಮಚ್ಚೆಯನ್ನು ಬರಿಯ ಬಿಳಿಯದಕ್ಕಿಂತ ಹೆಚ್ಚು ಶಂಕೆಯಿಂದ ನೋಡತಕ್ಕದ್ದು.

ಅಡಿಕೆಯ ನೇರವಾದ ಫಲ ಬಾಯಿಯ ಒಳಪೊರೆಯ ತಂತೂಕರಣ. 1952ರಲ್ಲಿ ಶ್ವಾರ್ಟ್ಸ್ ಎಂಬಾತ ಪೂರ್ವ ಆಫ್ರಿಕದ ಭಾರತೀಯ ಸ್ತ್ರೀಯರಲ್ಲಿ ಇದನ್ನು ವರ್ಣಿಸಿದನು. ಮರುವರ್ಷ ಮುಂಬಯಿಯ ಎಸ್. ಜಿ. ಜೋಷಿ ಈಗ ಬಳಕೆಯಲ್ಲಿರುವ ಹೆಸರನ್ನು ಕೊಟ್ಟರು. ಅಡಿಕೆಯ ಅರೆಕೋಲಿನ್ ಎಂಬ ಕ್ಷಾರಪದಾರ್ಥ ಒಳಪೊರೆಯ ಕೆಳಗಣ ನಾರಿನಂಶವನ್ನು ಹೆಚ್ಚಿಸುತ್ತ, ಅದು ಕರಗದಂತೆಯೂ ಮಾಡುತ್ತ ಹೋಗುವುದು. ಮೊದಲು ಖಾರ ತಿಂದರೆ ಬಾಯಿ ಉರಿಯುವುದು, ಅನಂತರ ಕೆನ್ನೆಯ ಒಳಮೈ ಬಿಳಿಚಿಕೊಂಡು, ಬೆರಳಾಡಿಸಿದರೆ ಗಡುಸಾದ ಪಟ್ಟಿಗಳು ಲಂಬವಾಗಿ ಕೈಗೆ ಸಿಗುವುವು, ಕಿರುನಾಲಗೆ ಕುಗ್ಗುವುದು, ತನ್ನದೇ ಮೂರು ಬೆರಳುಗಳನ್ನು ನಿಲುವಾಗಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬಲ್ಲವನ ಬಾಯಿ ಎರಡಕ್ಕೆ, ಒಂದಕ್ಕೆ ಇಳಿಯುವುದು. ಎರ್ನಾಕುಳಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು ಹದಿನೇಳು ವರ್ಷಗಳವರೆಗೆ ಅನುಸರಿಸಿ ನೋಡಿದವರು ನೂರಕ್ಕೆ 7.6ರಷ್ಟು ಜನರಲ್ಲಿ ಕ್ಯಾನ್ಸರು ತಲೆದೋರಿದ್ದನ್ನು ದಾಖಲಿಸಿದ್ದಾರೆ. ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಗುಟ್ಕಾ ಮತ್ತು ಪಾನ್ ಮಸಾಲೆಗಳು ಬಂದ ಮೇಲೆ ಈ ವಿಕಾರ ಹದಿಹರೆಯದ ಹುಡುಗರಲ್ಲಿಯೂ ಕಾಣಿಸಿಕೊಳ್ಳತೊಡಗಿತು.

ಲಕ್ಷಣಗಳು

ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಮೂರು ವಾರ ಕಳೆದರೂ ಹೋಗದ ಗೊಗ್ಗರು ದನಿ, ಕತ್ತಿನಲ್ಲಿ ಹೊಸದಾಗಿ ಮೂಡಿ ಕರಗದೆ ನಿಂತ ಗಂಟು: ಈ ಮೂರರಲ್ಲಿ ಯಾವುದೊಂದು ಇದ್ದರೂ ಪರೀಕ್ಷೆ ಅವಶ್ಯ. ಕ್ಯಾನ್ಸರಿನ ಹುಣ್ಣಿಗೆ ಅಂಚು ಎದ್ದು ಹೊರಳಿರುವುದು, ತಳ ಗಟ್ಟಿಯಾಗಿರುವುದು, ಮುಟ್ಟಿದರೆ ರಕ್ತ ಜಿನುಗುವುದು. ಆದರೆ ಆರಂಭದಲ್ಲಿ ನೋವಿರುವುದಿಲ್ಲ. ನೋವಿಲ್ಲದ್ದನ್ನು ಅಪಾಯವಿಲ್ಲದ್ದೆಂದು ಭಾವಿಸುವುದರಿಂದಲೇ ಹಲವು ತಿಂಗಳುಗಳು ವ್ಯರ್ಥವಾಗುವುವು. ಕಾರಣವಿಲ್ಲದೆ ಅಲುಗಾಡುವ ಹಲ್ಲು, ಹಲ್ಲು ಕೀಳಿಸಿದ ಮೇಲೆ ಕೂಡದ ಗುಳಿ, ಹಾಕಿಕೊಂಡಿದ್ದ ಹಲ್ಲುಸೆಟ್ಟು ಇದ್ದಕ್ಕಿದ್ದಂತೆ ಕೂರದಿರುವುದು, ಇವು ಒಸಡಿನ ಕ್ಯಾನ್ಸರಿನ ಗುರುತುಗಳಾಗಿರಬಹುದು.

ಧ್ವನಿತಂತುವಿನ ಮೇಲಣ ಗಂತಿ ಎಷ್ಟು ಚಿಕ್ಕದಾದರೂ ದನಿಯನ್ನು ಕೆಡಿಸುವುದರಿಂದ ಬೇಗ ಪತ್ತೆಯಾಗುವುದು. ಧ್ವನಿತಂತುಗಳಲ್ಲಿ ದುಗ್ಧನಾಳಗಳು ಅತ್ಯಲ್ಪವಾದುದರಿಂದ ಅದು ಬೇಗ ಹರಡುವುದೂ ಇಲ್ಲ. ಕೆಳಗಂಟಲಿನದು ಇದಕ್ಕೆ ತೀರ ವಿರುದ್ಧ: ನುಂಗುವಾಗ ಏನೋ ಸಿಕ್ಕಿಕೊಂಡಂತಾಗುವುದು, ಒಂದೇ ಬದಿಯ ಕಿವಿನೋವು, ಮೈ ಇಳಿಯುವುದು, ಇವು ತೋರುವ ವೇಳೆಗೆ ರೋಗ ಬಹಳ ಮುಂದುವರಿದಿರುವುದು. ಕಿವಿಯಲ್ಲಿ ಯಾವ ದೋಷವೂ ಕಾಣದ ಕಿವಿನೋವಿಗೆ ಗಂಟಲನ್ನು ನೋಡದೆ ಔಷಧಿ ಕೊಡುವುದು ತಪ್ಪು. ಮೂಗು ಮತ್ತು ಗಾಳಿಗೂಡುಗಳ ಗಂತಿ ಒಂದು ಬದಿಯ ಮೂಗು ಕಟ್ಟುವಿಕೆ ಹಾಗೂ ರಕ್ತಸ್ರಾವಗಳಿಂದಲೂ, ಲಾಲಾಗ್ರಂಥಿಯದು ಕಿವಿಯ ಮುಂದಣ ಅಥವಾ ದವಡೆಯ ಕೆಳಗಣ ಊತದಿಂದಲೂ ತಿಳಿಯುವುದು. ಆ ಊತದೊಡನೆ ಮುಖದ ಅರ್ಧ ಸೊಟ್ಟಗಾದರೆ ಅದು ಮಾರಕವೆಂಬ ಸಂದೇಹ ಬಲವಾಗುವುದು.

ಪರೀಕ್ಷೆ ಮತ್ತು ರೋಗನಿರ್ಣಯ

ಬಾಯಿಯ ಪರೀಕ್ಷೆಗೆ ಒಳ್ಳೆಯ ಬೆಳಕು, ಕೈಗವಸು, ನಾಲಗೆಯೊತ್ತುವ ಎರಡು ಪಟ್ಟಿಗಳು ಮತ್ತು ಒಂದು ಚೂರು ಬಟ್ಟೆ ಸಾಕು. ಕಟ್ಟಿಸಿದ ಹಲ್ಲುಗಳನ್ನು ತೆಗೆಸಿ, ಕೆನ್ನೆಗಳನ್ನು ಎರಡು ಕಡೆಗೂ ಸರಿಸಿ, ನಾಲಗೆಯ ತುದಿಯನ್ನು ಬಟ್ಟೆಯಿಂದ ಹಿಡಿದೆಳೆದು ಅದರ ಅಂಚುಗಳನ್ನು ಹಿಂಬದಿಯವರೆಗೆ ನೋಡಿ, ನಾಲಗೆಯನ್ನು ಮೇಲೆತ್ತಿಸಿ ಕೆಳಗಣ ನೆಲವನ್ನು ಕಂಡು, ಕೊನೆಗೆ ಅವನ್ನೆಲ್ಲ ಬೆರಳಿನಿಂದ ಒತ್ತಿ, ಕತ್ತಿನ ಎರಡು ಪಕ್ಕಗಳನ್ನೂ ಸವರಿ ನೋಡತಕ್ಕದ್ದು. ಗಂಟಲು ಧ್ವನಿಪೆಟ್ಟಿಗೆಗಳನ್ನು ಮೂಗಿನ ಮೂಲಕ ಇಳಿಸುವ ಬಾಗುವ ದರ್ಶಕನಾಳದಿಂದ ನೋಡುವರು.

ಕ್ಯಾನ್ಸರೆಂಬ ನಿರ್ಣಯ ಬಯಾಪ್ಸಿಯಿಂದಲೇ, ಎಂದರೆ ತುಣುಕು ತೆಗೆದು ಪರೀಕ್ಷಿಸುವುದರಿಂದಲೇ, ಆಗಬೇಕು. ಅನುಭವಿಯ ಕಣ್ಣು ಎಷ್ಟೇ ಖಚಿತವಾಗಿ ಹೇಳಿದರೂ ಅದಿಲ್ಲದೆ ಚಿಕಿತ್ಸೆ ಸಲ್ಲದು. ತುಣುಕನ್ನು ಹುಣ್ಣಿನ ಕೊಳೆತ ನಡುವಿನಿಂದಲ್ಲದೆ, ಎದ್ದಿರುವ ಅಂಚಿನಿಂದ ಸಾಕಷ್ಟು ಆಳವಾಗಿ ತೆಗೆಯಬೇಕು. ನಡುವಿನಿಂದ ತೆಗೆದುದರಲ್ಲಿ ಸತ್ತ ಅಂಗಾಂಶವೇ ತುಂಬಿದ್ದು ವರದಿ ತಪ್ಪುದಾರಿಗೆ ಎಳೆಯುವ ಸಂಭವವುಂಟು. ಕತ್ತಿನ ಗಂಟಿನ ವಿಷಯದಲ್ಲಿ ನಿಯಮ ಬೇರೆ. ಬಾಯಿ ಗಂಟಲುಗಳನ್ನು ಪೂರ್ತಿಯಾಗಿ ನೋಡುವುದಕ್ಕೆ ಮುಂಚೆಯೇ ಆ ಗಂಟನ್ನು ಕೊಯ್ದು ತೆಗೆಯಬಾರದು. ತೆಳ್ಳನೆಯ ಸೂಜಿಯಿಂದ ಕೋಶಗಳನ್ನು ಹೀರಿ ಪರೀಕ್ಷಿಸುವುದೇ ಮೊದಲ ಕ್ರಮ. ಕ್ಷಯವೆಂದು ಊಹಿಸಿ ಗಂಟನ್ನು ಬಿಚ್ಚಿದರೆ ಮುಂದಿನ ಶಸ್ತ್ರಚಿಕಿತ್ಸೆ ತೊಡಕಾಗುವುದು.

ರೋಗದ ವಿಸ್ತಾರವನ್ನು ಅಳೆಯಲು ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳು ನೆರವಾಗುವುವು: ದವಡೆಯ ಮೂಳೆ ತಿನ್ನಲ್ಪಟ್ಟಿರುವುದನ್ನು ಮೊದಲನೆಯದು, ನಾಲಗೆಯ ಸ್ನಾಯುಗಳೊಳಗೆ ರೋಗ ಇಳಿದಿರುವ ಆಳವನ್ನು ಎರಡನೆಯದು ಚೆನ್ನಾಗಿ ತೋರಿಸುವುದು. ಬಹಳ ಮುಂದುವರಿದ ರೋಗದಲ್ಲಿಯೂ, ಮೂಲಸ್ಥಾನ ಸಿಗದೆ ಕತ್ತಿನ ಗಂಟು ಮಾತ್ರ ಇರುವಾಗಲೂ ಪೆಟ್ ಚಿತ್ರಣ ಉಪಯುಕ್ತ.

ಹಂತಗಳು

ಗಂತಿಯ ಗಾತ್ರ, ಕತ್ತಿನ ದುಗ್ಧಗ್ರಂಥಿಗಳ ಸ್ಥಿತಿ ಮತ್ತು ದೂರದ ಅವಯವಗಳಿಗೆ ಹಬ್ಬಿರುವಿಕೆ, ಈ ಮೂರನ್ನು ಕೂಡಿಸಿ ರೋಗವನ್ನು ನಾಲ್ಕು ಹಂತಗಳಾಗಿ ವಿಭಾಗಿಸುವ ಪದ್ಧತಿಗೆ ಫ್ರಾನ್ಸಿನ ಪಿಯೇರ್ ದೆನ್ವಾ 1940ರ ದಶಕದಲ್ಲಿ ತಳಹದಿ ಹಾಕಿದನು. 2018ರಿಂದ ಬಳಕೆಗೆ ಬಂದ ಎಂಟನೆಯ ಆವೃತ್ತಿಯಲ್ಲಿ ಬಾಯಿಯ ಕ್ಯಾನ್ಸರಿನ ಅಗಲವನ್ನಲ್ಲದೆ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ: ಎರಡು ಸೆಂಟಿಮೀಟರು ಮೀರದ ಗಂತಿಯಾದರೂ ಐದು ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ ಅದನ್ನು ಮೊದಲನೆಯ ಹಂತದಲ್ಲಿ ಇಡುವಂತಿಲ್ಲ. ಪ್ಯಾಪಿಲೋಮ ವೈರಸ್ಸಿನಿಂದ ಬಂದ ಗಂಟಲಿನ ಕ್ಯಾನ್ಸರು ಚಿಕಿತ್ಸೆಗೆ ಚೆನ್ನಾಗಿ ಒಗ್ಗುವುದರಿಂದ ಅದಕ್ಕೆ ಪ್ರತ್ಯೇಕವಾದ ಹಂತಕ್ರಮವನ್ನು ಕಲ್ಪಿಸಿದ್ದಾರೆ. ಈ ಗುಂಪಿನ ಕ್ಯಾನ್ಸರು ರಕ್ತದ ಮೂಲಕ ದೂರಕ್ಕೆ ಹೋಗುವುದಕ್ಕಿಂತ ಬಹುಮುಂಚೆಯೇ ಕತ್ತಿನ ದುಗ್ಧಗ್ರಂಥಿಗಳಲ್ಲಿ ತಂಗುವುದು. ಒಂದು ಗ್ರಂಥಿಗೆ ತಗುಲಿದರೂ ಗುಣವಾಗುವ ಸಂಭವ ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಶಸ್ತ್ರವೈದ್ಯರ ಹಳೆಯ ಲೆಕ್ಕ.

ಶಸ್ತ್ರಚಿಕಿತ್ಸೆ

ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆಯನ್ನು ಸಂಪೂರ್ಣವಾಗಿ ಮೊದಲು ತೆಗೆದವನು ವಿಯೆನ್ನಾದ ಥಿಯೋಡರ್ ಬಿಲ್ರೋಟ್; ಆ ದಿನ 1873ನೆಯ ಡಿಸೆಂಬರ್ 31. ಅವನ ಸಹಾಯಕ ಗುಸ್ಸೆನ್‌ಬವರ್ ಆ ರೋಗಿಗೆ ಒಂದು ಕೃತಕ ಧ್ವನಿಯಂತ್ರವನ್ನೂ ರಚಿಸಿಕೊಟ್ಟನು. ಅಮೆರಿಕದ ಜಾರ್ಜ್ ಕ್ರೈಲ್ 1906ರಲ್ಲಿ ತನ್ನ 132 ಶಸ್ತ್ರಕ್ರಿಯೆಗಳ ಅನುಭವವನ್ನು ಪ್ರಕಟಿಸಿ, ಕತ್ತಿನ ದುಗ್ಧಗ್ರಂಥಿಗಳನ್ನು ಒಂದೊಂದಾಗಿ ಹೆಕ್ಕದೆ ಸುತ್ತಣ ಅಂಗಾಂಶ ಸಮೇತ ಒಂದೇ ತುಂಡಾಗಿ ತೆಗೆಯಬೇಕೆಂದು ಪ್ರತಿಪಾದಿಸಿದನು. ಆ ಕ್ರಮದಲ್ಲಿ ಕತ್ತಿನ ದೊಡ್ಡ ಸ್ನಾಯುವೂ, ಒಳಗಣ ಕಂಠಸಿರೆಯೂ, ಭುಜವನ್ನೆತ್ತುವ ನರವೂ ಬಲಿಯಾಗುತ್ತಿದ್ದುವು. ಅರ್ಜೆಂಟೀನದ ಸ್ವಾರೆಸ್ 1960ರ ದಶಕದಲ್ಲಿ ಅವನ್ನು ಉಳಿಸಿಯೂ ಗ್ರಂಥಿಗಳನ್ನು ತೆಗೆಯಬಹುದೆಂದು ತೋರಿಸಿದ ಮೇಲೆ ರೋಗಿ ತೋಳನ್ನು ಮೇಲೆತ್ತಿ ತಲೆ ಬಾಚಿಕೊಳ್ಳುವುದು ಸಾಧ್ಯವಾಯಿತು.

ಬಾಯಿಯ ಕ್ಯಾನ್ಸರಿಗೆ ಇಂದಿಗೂ ಶಸ್ತ್ರಚಿಕಿತ್ಸೆಯೇ ಮೊದಲ ಮತ್ತು ಮುಖ್ಯ ಉಪಾಯ. ಗಂತಿಯನ್ನು ಸುತ್ತಲೂ ಸುಮಾರು ಒಂದು ಸೆಂಟಿಮೀಟರು ಆರೋಗ್ಯವಂತ ಅಂಗಾಂಶದೊಡನೆ ತೆಗೆಯುವರು. ದವಡೆಗೆ ತಗುಲಿದ್ದರೆ ಮೂಳೆಯ ಅಂಚನ್ನೋ ಇಡೀ ತುಂಡನ್ನೋ ಸೇರಿಸಿ ತೆಗೆಯುವರು. ಗಂತಿ ಚಿಕ್ಕದಾಗಿದ್ದು ಕತ್ತಿನಲ್ಲಿ ಗಂಟು ಕೈಗೆ ಸಿಗದಿರುವಾಗ ಕತ್ತಿನ ಶಸ್ತ್ರಕ್ರಿಯೆಯನ್ನು ಕೂಡಲೆ ಮಾಡಬೇಕೋ, ಗಂಟು ಕಾಣುವವರೆಗೆ ಕಾಯಬಹುದೋ ಎಂಬ ವಿವಾದ ಅರ್ಧ ಶತಮಾನ ನಡೆಯಿತು. ಅದಕ್ಕೆ ಉತ್ತರ ಬಂದದ್ದು ಟಾಟಾ ಸ್ಮಾರಕ ಆಸ್ಪತ್ರೆಯಿಂದ. ಅನಿಲ್ ಡಿಕ್ರೂಜ್ ಮತ್ತು ಅವರ ಸಂಗಡಿಗರು ಸುಮಾರು ಐನೂರು ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲ 2015ರಲ್ಲಿ ಹೊರಬಂತು: ಮೂರು ವರ್ಷಗಳ ಕೊನೆಗೆ, ಕೂಡಲೆ ಕತ್ತಿನ ಶಸ್ತ್ರಕ್ರಿಯೆಯಾದವರಲ್ಲಿ ಶೇ. 80, ಕಾದವರಲ್ಲಿ ಶೇ. 67.5 ಮಂದಿ ಬದುಕಿದ್ದರು. ಲೋಕದ ಎಲ್ಲ ಕಡೆಯ ಚಿಕಿತ್ಸಾಕ್ರಮವೂ ಇದರಿಂದ ಬದಲಾಯಿತು.

ತೆಗೆದ ಭಾಗವನ್ನು ತುಂಬುವ ಕಲೆ ಬೆಳೆಯದಿದ್ದರೆ ತೆಗೆಯುವ ಕಲೆ ಇಷ್ಟು ಮುಂದುವರಿಯುತ್ತಿರಲಿಲ್ಲ. 1979ರಲ್ಲಿ ಸ್ಟೀಫನ್ ಏರಿಯಾನ್ ಎದೆಯ ಸ್ನಾಯುವನ್ನು ಅದರ ಚರ್ಮ ಮತ್ತು ರಕ್ತನಾಳಗಳ ಸಹಿತ ಮೇಲಕ್ಕೆ ಹೊರಳಿಸಿ ಬಾಯಿಯ ತೆರಪನ್ನು ಮುಚ್ಚುವ ವಿಧಾನವನ್ನು ವರ್ಣಿಸಿದನು. ರೋಗಿಗಳ ನೂಕುನುಗ್ಗಲಿರುವ ನಮ್ಮ ಆಸ್ಪತ್ರೆಗಳಲ್ಲಿ ಅದು ಈಗಲೂ ಚೆನ್ನಾಗಿ ಸಲ್ಲುತ್ತಿದೆ. ಮುಂಗೈಯ ತೆಳುಚರ್ಮವನ್ನು ನಾಲಗೆಗೂ, ಮೊಣಕಾಲಿನ ಕೆಳಗಣ ಸಣ್ಣ ಮೂಳೆಯನ್ನು ದವಡೆಗೂ ತಂದು, ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳಗಳನ್ನು ಹೊಲಿದು ಕೂಡಿಸುವುದು ಇಂದಿನ ಶ್ರೇಷ್ಠ ಪದ್ಧತಿ.

ವಿಕಿರಣ ಮತ್ತು ಔಷಧಗಳು

ಸಾಮಾನ್ಯ ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯನ್ನು ಒಂದೇ ಸಾರಿಗೆ ಕೊಡದೆ ದಿನದಿನಕ್ಕೆ ಹಂಚಿ ಕೊಟ್ಟರೆ ಗಂತಿ ಕರಗಿಯೂ ಸುತ್ತಣ ಅಂಗಾಂಶ ಉಳಿಯುವುದೆಂಬುದನ್ನು ಪ್ಯಾರಿಸಿನ ಆಂರಿ ಕೂತಾರ್ 1920 ಮತ್ತು 30ರ ದಶಕಗಳಲ್ಲಿ ಗಂಟಲಿನ ಕ್ಯಾನ್ಸರಿನಲ್ಲಿಯೇ ಸ್ಥಾಪಿಸಿದನು. ಈಗ ಪೂರ್ಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಏಳು ವಾರ, 70 ಗ್ರೇ (ವಿಕಿರಣವನ್ನು ಅಳೆಯುವ ಮಾನ). ಶಸ್ತ್ರಕ್ರಿಯೆಯ ಅನಂತರವಾದರೆ ಆರು ವಾರ, 60 ಗ್ರೇ. ನಡುವೆ ದಿನ ತಪ್ಪಿಸಿದರೆ ಗಂತಿಯ ಕೋಶಗಳು ಮತ್ತೆ ಚಿಗುರುವುದರಿಂದ ಗುಣವಾಗುವ ಅವಕಾಶ ಕುಗ್ಗುವುದು. ಧ್ವನಿಪೆಟ್ಟಿಗೆ ಮತ್ತು ಗಂಟಲಿನ ಕ್ಯಾನ್ಸರುಗಳಲ್ಲಿ ಅವಯವವನ್ನು ಉಳಿಸಿಕೊಳ್ಳಲು ಇದೇ ಮುಖ್ಯ ದಾರಿ. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಔಷಧ ಮತ್ತು ವಿಕಿರಣಗಳಿಂದ ಮೂರರಲ್ಲಿ ಎರಡು ಪಾಲು ರೋಗಿಗಳ ಧ್ವನಿಪೆಟ್ಟಿಗೆ ಉಳಿಯುವುದೆಂದೂ ಆಯುಷ್ಯಕ್ಕೆ ಅದರಿಂದ ಕುಂದಿಲ್ಲವೆಂದೂ ತೋರಿಸಿತು. ಮುಂದುವರಿದ ರೋಗದಲ್ಲಿ ವಿಕಿರಣದೊಡನೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆಯಾಗಲಿ ವಾರಕ್ಕೊಮ್ಮೆಯಾಗಲಿ ಸೇರಿಸುವರು.

ವಿಕಿರಣದಿಂದ ಬಾಯಿ ಹುಣ್ಣಾಗುವುದು, ರುಚಿ ಕೆಡುವುದು, ಜೊಲ್ಲು ಬತ್ತುವುದು. ಜೊಲ್ಲಿಲ್ಲದ ಬಾಯಿಯಲ್ಲಿ ಹಲ್ಲುಗಳು ಬೇಗ ಹುಳುಕಾಗುವುವು. ವಿಕಿರಣ ತಾಕಿದ ದವಡೆಯಿಂದ ಆಮೇಲೆ ಹಲ್ಲು ಕಿತ್ತರೆ ಮೂಳೆ ಸಾಯಬಹುದು. ಆದುದರಿಂದ ಕೆಟ್ಟ ಹಲ್ಲುಗಳನ್ನು ಚಿಕಿತ್ಸೆಗೆ ಮುಂಚೆಯೇ ಕೀಳಿಸಿ, ಗಾಯ ಮಾಯಲು ಅವಕಾಶ ಕೊಡತಕ್ಕದ್ದು.

ಮರುಕಳಿಸಿದ ಅಥವಾ ದೂರಕ್ಕೆ ಹಬ್ಬಿದ ರೋಗದಲ್ಲಿ, ದೇಹದ ರೋಗನಿರೋಧಕ ಶಕ್ತಿಯನ್ನು ಬಿಡುಗಡೆ ಮಾಡುವ ಪೆಂಬ್ರೋಲಿಜುಮ್ಯಾಬ್, ನಿವೋಲುಮ್ಯಾಬ್ ಎಂಬ ಔಷಧಗಳು ಬಂದಿವೆ. ಅವುಗಳ ಬೆಲೆ ಭಾರತದ ಬಹುತೇಕ ರೋಗಿಗಳ ಕೈಗೆ ಎಟುಕುವಂಥದಲ್ಲ. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಿವೋಲುಮ್ಯಾಬನ್ನು ವಾಡಿಕೆಯ ಪ್ರಮಾಣದ ಹತ್ತನೆಯ ಒಂದು ಪಾಲಿಗೂ ಕಡಿಮೆಯಾಗಿ, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಅಗ್ಗದ ಮಾತ್ರೆಗಳೊಡನೆ ಕೊಟ್ಟು ನೋಡಿದರು. 2023ರ ವರದಿಯಂತೆ ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ 43.4ಕ್ಕೆ ಏರಿತು.

ಪುನರ್ವಸತಿ

ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವನು ಕತ್ತಿನ ರಂಧ್ರದಿಂದ ಉಸಿರಾಡುವನು. ಅವನಿಗೆ ಮಾತು ಮರಳಿಸಲು ಶ್ವಾಸನಾಳ ಅನ್ನನಾಳಗಳ ನಡುವೆ ಒಂದು ಸಣ್ಣ ಕವಾಟವನ್ನಿಡುವ ಉಪಾಯವನ್ನು ಅಮೆರಿಕದ ಸಿಂಗರ್ ಮತ್ತು ಬ್ಲಾಮ್ 1980ರಲ್ಲಿ ಪ್ರಕಟಿಸಿದರು. ರಂಧ್ರವನ್ನು ಬೆರಳಿನಿಂದ ಮುಚ್ಚಿದಾಗ ಉಸಿರು ಕವಾಟದ ಮೂಲಕ ಗಂಟಲಿಗೆ ನುಗ್ಗಿ ದನಿಯಾಗುವುದು. ಹೊರದೇಶದ ಕವಾಟಕ್ಕೆ ಸಾವಿರಾರು ರೂಪಾಯಿ ಬೀಳುತ್ತಿದ್ದಾಗ, ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್ ಸುಮಾರು 50 ರೂಪಾಯಿಯ ‘ಓಂ’ ಎಂಬ ಕವಾಟವನ್ನು ರೂಪಿಸಿದರು. ನುಂಗುವ ಅಭ್ಯಾಸ, ಬಾಯಿ ತೆರೆಯುವ ವ್ಯಾಯಾಮ, ಭುಜದ ವ್ಯಾಯಾಮ, ಇವು ಚಿಕಿತ್ಸೆ ಮುಗಿದ ಮೇಲಲ್ಲ, ಅದರ ಜೊತೆಯಲ್ಲಿಯೇ ಮೊದಲಾಗಬೇಕು. ರೋಗ ಮರುಕಳಿಸುವುದು ಬಹುಪಾಲು ಮೊದಲ ಎರಡು ವರ್ಷಗಳಲ್ಲಾದುದರಿಂದ ಆ ಅವಧಿಯಲ್ಲಿ ತನಿಖೆ ಒತ್ತೊತ್ತಾಗಿರುವುದು.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ ಈ ರೋಗದ ಚಿಕಿತ್ಸೆಗೆ ದೊಡ್ಡ ಸರಕಾರಿ ಆಶ್ರಯ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. 1973ರಲ್ಲಿ ಸ್ಥಾಪಿತವಾದ ಅದು 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಗುಟ್ಕಾ ಮಾರಾಟವನ್ನು ರಾಜ್ಯ 2013ರಲ್ಲಿ ನಿಷೇಧಿಸಿತು. ಆದರೆ ಪಾನ್ ಮಸಾಲೆಯ ಪೊಟ್ಟಣ ಒಂದು, ಹೊಗೆಸೊಪ್ಪಿನ ಪೊಟ್ಟಣ ಇನ್ನೊಂದು ಎಂದು ಬೇರೆ ಬೇರೆಯಾಗಿ ಮಾರಿದರೆ ಕೊಳ್ಳುವವನು ತಾನೇ ಬೆರಸಿಕೊಳ್ಳುವುದನ್ನು ಆ ನಿಷೇಧ ತಡೆಯಲಾರದೆ ಹೋಗಿದೆ.

ಸಕಾಲದಲ್ಲಿ ಹುಡುಕುವುದರಿಂದ ಸಾವು ತಪ್ಪುವುದೆಂಬುದಕ್ಕೆ ಪ್ರಬಲವಾದ ಪ್ರಮಾಣ ತಿರುವನಂತಪುರ ಜಿಲ್ಲೆಯದು. 1996ರಿಂದ ಅಲ್ಲಿನ ಹದಿಮೂರು ಪಂಚಾಯತಿಗಳ ಪೈಕಿ ಏಳರಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಗಳನ್ನು ಬೆಳಕಿನಲ್ಲಿ ನೋಡಿದರು; ಉಳಿದ ಆರನ್ನು ಹೋಲಿಕೆಗಾಗಿ ಬಿಟ್ಟಿದ್ದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೆಯ ಒಂದು ಪಾಲು ಇಳಿದುದನ್ನು 2005ರ ವರದಿ ತಿಳಿಸಿತು. ಮೂವತ್ತು ವರ್ಷ ಮೀರಿದವರ ಬಾಯಿಯ ತಪಾಸಣೆಯನ್ನು ಈಗ ದೇಶದ ಪ್ರಾಥಮಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೇರಿಸಿದ್ದಾರೆ. ಹೊಗೆಸೊಪ್ಪಿನ ಅಭ್ಯಾಸವನ್ನು ಬಿಡಬಯಸುವವರಿಗಾಗಿ 1800-11-2356 ಎಂಬ ಶುಲ್ಕವಿಲ್ಲದ ರಾಷ್ಟ್ರೀಯ ದೂರವಾಣಿ ಸೇವೆಯಿದ್ದು, ಅದರ ದಕ್ಷಿಣ ಭಾರತದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕನ್ನಡದಲ್ಲಿಯೂ ಕರೆಗಳಿಗೆ ಉತ್ತರ ಕೊಡುತ್ತಿದೆ.